ಎಣಿಸುವ ಕಾಯಿ, ತೂಗುವ ಕೊಬ್ಬರಿ

ತಿಪಟೂರು ಸೀಮೆಯ ಮಕ್ಕಳಿಗೆ ಎಣಿಕೆ ಯಾವುದಕ್ಕೆ, ತೂಕ ಯಾವುದಕ್ಕೆ ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮರದಿಂದ ಕೆಡವಿದ ತೆಂಗಿನಕಾಯಿಗೆ ಎಣಿಕೆ. ಮಾತುಕತೆಯೆಲ್ಲ ಸಾವಿರ ಕಾಯಿಯ ಲೆಕ್ಕದಲ್ಲಿ. ಅದೇ ಕಾಯಿ ಅಟ್ಟ ಸೇರಿ, ಹತ್ತು ಹನ್ನೊಂದು ತಿಂಗಳು ಒಣಗಿ, ಒಳಗಿನ ತಿರುಳು ಚಿಪ್ಪು ಬಿಟ್ಟು ಗಡಗಡ ಅಲುಗಾಡತೊಡಗಿದ ಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಕೊಬ್ಬರಿಗೆ ತೂಕ, ಎಪಿಎಂಸಿ ಹರಾಜಿನಲ್ಲಿ ಕೂಗುವುದು ಕ್ವಿಂಟಲ್ ಬೆಲೆ. ಇಂಗ್ಲಿಷ್ ವ್ಯಾಕರಣವೂ ಇದೇ ಹಾದಿ ಹಿಡಿದಿದೆ. ಅಲ್ಲಿ ‘ಕೋಕನಟ್’ ಎಣಿಸುವ ನಾಮಪದ, ‘ಕೋಪ್ರಾ’ ಎಣಿಸದ ನಾಮಪದ. ‘ಕೋಪ್ರಾ’ ಎಂಬ ಮಾತು ಇಂಗ್ಲಿಷಿಗೆ ಹೋದದ್ದೂ ಮಲಯಾಳಂ ಕರಾವಳಿಯಿಂದ, ಪೋರ್ಚುಗೀಸರ ಕೈದಾಟಿ.

1980ರ ದಶಕದ ಆರಂಭದಲ್ಲಿ ಈ ತಾಲ್ಲೂಕಿನ ಸರ್ಕಾರಿ ಹೈಸ್ಕೂಲೊಂದಕ್ಕೆ ಇಂಗ್ಲಿಷ್ ಮೇಷ್ಟ್ರಾಗಿ ಬಂದವರೊಬ್ಬರು ಈಗ ನಿವೃತ್ತರಾಗಿ ಅದೇ ಊರಿನಲ್ಲಿ ನೆಲೆಸಿದ್ದಾರೆ. ಕೌಂಟಬಲ್, ಅನ್‌ಕೌಂಟಬಲ್ ಪಾಠದ ಮಾತೆತ್ತಿದರೆ ಸಾಕು, ಅವರ ಮುಖ ಅರಳುತ್ತದೆ. ಇಡೀ ಇಂಗ್ಲಿಷ್ ವ್ಯಾಕರಣದಲ್ಲಿ ಮಕ್ಕಳು ಮೇಷ್ಟ್ರನ್ನು ನಿಲ್ಲಿಸಿ ವಾದ ಹೂಡಿದ ಪಾಠ ಅದೊಂದೇ ಎನ್ನುತ್ತಾರೆ. ಆ ಮಕ್ಕಳು ಎಬಿಸಿಡಿ ಕಂಡದ್ದು ಐದನೇ ಕ್ಲಾಸಿನಲ್ಲಿ. ಟೆನ್ಸ್ ಎಂದರೆ ಬಾಯಿಪಾಠ, ಆ್ಯಕ್ಟಿವ್ ವಾಯ್ಸ್ ಪ್ಯಾಸಿವ್ ವಾಯ್ಸ್ ಎಂದರೆ ಸೂತ್ರ. ಅಲ್ಲಿ ವಾದಕ್ಕೆ ಜಾಗವೇ ಇರಲಿಲ್ಲ. ಎಣಿಕೆಯ ವಿಷಯ ಬಂದಾಗ ಮಾತ್ರ ಅವರಿಗೆ ತಮ್ಮದೇ ಆದ ತಿಳಿವಳಿಕೆಯಿತ್ತು.

ಬೋರ್ಡಿನ ಮೇಲೆ ಆಗ ಎಲ್ಲ ಶಾಲೆಗಳಲ್ಲೂ ಬರೆಯುತ್ತಿದ್ದ ವಾಕ್ಯವನ್ನೇ ಅವರೂ ಬರೆದರು: ಎಣಿಸಲು ಬರುವಂಥದ್ದು ಕೌಂಟಬಲ್, ಎಣಿಸಲು ಬಾರದ್ದು ಅನ್‌ಕೌಂಟಬಲ್. ಕೆಳಗೆ ಎರಡು ಪಟ್ಟಿ. ಒಂದರಲ್ಲಿ ಬುಕ್, ಪೆನ್, ಕೌ, ಸ್ಟಾರ್. ಇನ್ನೊಂದರಲ್ಲಿ ವಾಟರ್, ರೈಸ್, ಹೇರ್, ಮನಿ. ಸೀಮೆಸುಣ್ಣ ಕೆಳಗಿಡುವ ಮೊದಲೇ ಚಿಲ್ಲರೆ ಅಂಗಡಿಯವರ ಮಗನೊಬ್ಬ ಎದ್ದು ನಿಂತ.

“ಸಾ, ನಮ್ಮಪ್ಪ ದಿನಾ ರಾತ್ರಿ ಗಲ್ಲಾ ಪೆಟ್ಟಿಗೆ ಸುರ್ಕೊಂಡು ದುಡ್ಡು ಎಣಿಸ್ತಾನೆ. ಮನಿ ಯಾಕ್ ಸಾ ಅನ್‌ಕೌಂಟಬಲ್?”

ಅವನು ಕೂರುವಷ್ಟರಲ್ಲಿ ಹುಡುಗಿಯರ ಸಾಲಿನಿಂದ ಇನ್ನೊಂದು ದನಿ: “ನಕ್ಷತ್ರ ಎಣ್ಸಕ್ಕಾಗುತ್ತಾ ಸಾ? ಅದು ಯಾಕೆ ಕೌಂಟಬಲ್?”

ಎರಡೂ ಪ್ರಶ್ನೆ ನ್ಯಾಯವಾದವು. ಬೋರ್ಡಿನ ವಾಕ್ಯಕ್ಕೆ ಅವೆರಡನ್ನೂ ಎದುರಿಸುವ ತ್ರಾಣವಿರಲಿಲ್ಲ. ಅಂಗಡಿಯ ಹುಡುಗನಿಗೆ ಮೇಷ್ಟ್ರು ಕೊಟ್ಟ ಉತ್ತರ ಅಂದಿಗೆ ಹೀಗಿತ್ತು: “ನಿಮ್ಮಪ್ಪ ಎಣಿಸೋದು ರೂಪಾಯಿನ ಕಣೋ. ಒಂದು ದುಡ್ಡು, ಎರಡು ದುಡ್ಡು ಅಂತ ಎಣಿಸ್ತಾನಾ?” ಹುಡುಗ ಸ್ವಲ್ಪ ಯೋಚಿಸಿ ತಲೆಯಾಡಿಸಿದ. ನಕ್ಷತ್ರದ ಹುಡುಗಿ ಮಾತ್ರ ಒಪ್ಪಿದಂತೆ ಕಾಣಲಿಲ್ಲ. ಅವಳಿಗೆ ಹೇಳಬೇಕಾಗಿದ್ದದ್ದು, ಎಣಿಸಿ ಮುಗಿಸಲು ಆಗುತ್ತದೆಯೋ ಇಲ್ಲವೋ ಎಂಬುದು ವ್ಯಾಕರಣದ ಪ್ರಶ್ನೆಯಲ್ಲ, ಆ ಭಾಷೆ ಆ ಪದದ ಹಿಂದೆ ‘ಒಂದು’ ಎಂದು ಸೇರಿಸಲು ಬಿಡುತ್ತದೆಯೇ ಎಂಬುದಷ್ಟೇ ಪ್ರಶ್ನೆ ಎಂದು. ಅಷ್ಟನ್ನು ಎಂಟನೇ ಕ್ಲಾಸಿಗೆ ಮುಟ್ಟಿಸುವುದು ಹೇಗೆ ಎಂಬ ಹುಡುಕಾಟ ಮೇಷ್ಟ್ರ ಸರ್ವಿಸ್ಸಿನ ಉದ್ದಕ್ಕೂ ನಡೆಯಿತು.

ಹುಡುಕಾಟದ ಮೊದಲ ನಿಲ್ದಾಣ ಬೆಂಗಳೂರು. 1963ರಲ್ಲಿ ಶುರುವಾದ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಗೆ ದಕ್ಷಿಣದ ರಾಜ್ಯಗಳ ಶಿಕ್ಷಕರು ತರಬೇತಿಗೆ ಬರುತ್ತಿದ್ದರು. ಮೇಷ್ಟ್ರೂ ಹೋದರು. ಹಗಲು ತರಗತಿ, ಸಂಜೆ ಲೈಬ್ರರಿ. ಅಲ್ಲಿ ಕೂತು ಅವರು ತಿಳಿದುಕೊಂಡ ಸಂಗತಿಯೆಂದರೆ, ಶಾಲೆಯಲ್ಲಿ ಸನಾತನ ಸತ್ಯದಂತೆ ಹೇಳಿಕೊಡುವ ಈ ವಿಂಗಡಣೆಗೆ ಅಂಥ ವಯಸ್ಸೇನೂ ಆಗಿಲ್ಲ ಎಂಬುದು. ಹಿಂದಿನ ಶಾಲಾ ವ್ಯಾಕರಣಗಳು ನಾಮಪದವನ್ನು ಪ್ರಾಪರ್, ಕಾಮನ್, ಕಲೆಕ್ಟಿವ್, ಮೆಟೀರಿಯಲ್, ಆ್ಯಬ್‌ಸ್ಟ್ರಾಕ್ಟ್ ಎಂದು ಹಂಚಿ ಕೈತೊಳೆದುಕೊಳ್ಳುತ್ತಿದ್ದವು. ಡೆನ್ಮಾರ್ಕಿನ ಭಾಷಾಶಾಸ್ತ್ರಜ್ಞ ಆಟೋ ಯೆಸ್ಪರ್ಸನ್ ತಮ್ಮ ಇಂಗ್ಲಿಷ್ ವ್ಯಾಕರಣದ 1914ರ ಸಂಪುಟದಲ್ಲಿ ‘ಕೌಂಟಬಲ್ಸ್’ ಮತ್ತು ‘ಮಾಸ್-ವರ್ಡ್ಸ್’ ಎಂಬ ಜೋಡಿಯನ್ನು ಬಳಕೆಗೆ ತಂದರು. ಇಂಗ್ಲಿಷನ್ನು ಹೊರಗಿನಿಂದ ನೋಡಿದವರಿಗೆ ಕಣ್ಣಿಗೆ ಬಿದ್ದ ಭೇದ ಇದು.

ಅದನ್ನು ಪಾಠದ ಮೇಜಿಗೆ ತಂದದ್ದು ಜಪಾನ್. ಹೆರಾಲ್ಡ್ ಪಾಮರ್ ಎಂಬ ಇಂಗ್ಲಿಷರು 1922ರಲ್ಲಿ ಅಲ್ಲಿಗೆ ಹೋಗಿ, ಮರುವರ್ಷ ಟೋಕಿಯೋದಲ್ಲಿ ಇಂಗ್ಲಿಷ್ ಬೋಧನೆಯ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದರು. ಜಪಾನಿ ಭಾಷೆಯಲ್ಲಿ ಎ, ದಿ ಎಂಬ ಆರ್ಟಿಕಲ್‌ಗಳಿಲ್ಲ, ಬಹುವಚನ ಕಡ್ಡಾಯವಲ್ಲ. ಎಣಿಸುವಾಗ ವಸ್ತುವಿನ ಆಕಾರ ನೋಡಿ ಪ್ರತ್ಯಯ ಹಚ್ಚುತ್ತಾರೆ: ಕಾಗದದಂಥ ತೆಳುವಾದದ್ದಕ್ಕೆ ‘ಮಾಯ್’, ಪೆನ್ಸಿಲಿನಂಥ ಉದ್ದನೆಯದಕ್ಕೆ ‘ಹೊನ್’. ಅಂಥ ಮಕ್ಕಳಿಗೆ ‘ಆ್ಯನ್ ಇನ್ಫರ್ಮೇಷನ್’ ಯಾಕೆ ತಪ್ಪು ಎಂದು ಅರ್ಥಕೋಶ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಇಂಗ್ಲಿಷರಿಗಾಗಿ ಇಂಗ್ಲಿಷರು ಬರೆದ ನಿಘಂಟಿಗೆ ಅದು ಹೇಳಬೇಕಾದ ಸಂಗತಿಯೇ ಅಲ್ಲ. ಪಾಮರ್ 1938ರಲ್ಲಿ ತಂದ ಪುಸ್ತಕದಲ್ಲಿ ಸುಮಾರು ಸಾವಿರ ಪದಗಳಿಗೆ ಈ ಗುರುತು ಹಾಕಿದರು. 1924ರಿಂದ ಜಪಾನಿನಲ್ಲಿ ಪಾಠ ಹೇಳುತ್ತಿದ್ದ ಎ.ಎಸ್. ಹಾರ್ನ್‌ಬಿ, ಗೇಟನ್‌ಬಿ ಮತ್ತು ವೇಕ್‌ಫೀಲ್ಡ್ ಜತೆಗೂಡಿ ಆ ಗುರುತನ್ನು ಇಡೀ ನಿಘಂಟಿಗೆ ವಿಸ್ತರಿಸಿದರು. ನಿಘಂಟು ಯುದ್ಧದ ನಡುವೆ 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ನಮ್ಮ ಶಾಲಾ ಲೈಬ್ರರಿಗಳ ಗಾಜಿನ ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂತಿರುತ್ತಿದ್ದ ದಪ್ಪ ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ ಅದರದೇ ಸಂತಾನ. ಪ್ರತಿ ನಾಮಪದದ ಪಕ್ಕ ಚೌಕ ಕಂಸದಲ್ಲಿ ‘ಸಿ’ ಅಥವಾ ‘ಯು’. ತರಬೇತಿ ಮುಗಿಸಿ ಊರಿಗೆ ಮರಳಿದ ಮೇಷ್ಟ್ರು ಮಾಡಿದ ಮೊದಲ ಕೆಲಸ, ಬೀರುವಿನ ಬೀಗದ ಕೈ ಇಸಿದುಕೊಂಡು ಆ ಪುಸ್ತಕವನ್ನು ತರಗತಿಯ ಮೇಜಿನ ಮೇಲೆ ಇಟ್ಟದ್ದು.

ಜಪಾನಿನ ಕತೆ ಓದಿದ ಮೇಲೆ ಅವರಿಗೆ ತಮ್ಮ ಮಕ್ಕಳ ತಪ್ಪುಗಳಲ್ಲೂ ಒಂದು ಲೆಕ್ಕಾಚಾರ ಕಾಣತೊಡಗಿತು. ಕನ್ನಡದಲ್ಲಿ ‘ಎರಡು ಮರ’, ‘ಹತ್ತು ರೂಪಾಯಿ’, ‘ಐದು ಪುಸ್ತಕ’. ಸಂಖ್ಯೆಯೇ ಎಷ್ಟೆಂದು ಹೇಳಿಬಿಟ್ಟಿರುವಾಗ ‘ಗಳು’ ಬೇಕಾಗಿಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ವಾದಿಸಿದ ಡಿ.ಎನ್. ಶಂಕರ ಭಟ್ಟರು ಒತ್ತಿ ಹೇಳಿದ ಸಂಗತಿಗಳಲ್ಲಿ ಇದೂ ಒಂದು. ಮನುಷ್ಯರ ವಿಷಯಕ್ಕೆ ಬಂದರೆ ಮಾತ್ರ ಕನ್ನಡ ಬಿಗಿ: ಇಬ್ಬರು ಹುಡುಗರು, ಮೂವರು ಹೆಂಗಸರು, ಎರಡು ದನ. ನಮ್ಮ ಭಾಷೆ ಎಣಿಸುವಾಗ ಕೇಳುವ ಮೊದಲ ಪ್ರಶ್ನೆ ‘ಮನುಷ್ಯರೋ ಅಲ್ಲವೋ’. ಇಂಗ್ಲಿಷ್ ಕೇಳುವುದು ‘ಬಿಡಿಯೋ ಇಡಿಯೋ’. ಇನ್ನು ‘ಮೆನಿ’, ‘ಮಚ್’ ಎಂಬ ಎರಡು ಮಾತಿಗೆ ನಮ್ಮಲ್ಲಿ ‘ಎಷ್ಟು’ ಒಂದೇ: ಎಷ್ಟು ಕಾಯಿ, ಎಷ್ಟು ಎಣ್ಣೆ. ಹಾಗಾಗಿ ಕನ್ನಡದ ಹುಡುಗ ‘ಟೆನ್ ಟಿಕೆಟ್’ ಎಂದು ಎಸ್ ಬಿಡುವುದೂ ‘ಟೂ ವರ್ಕ್ಸ್’ ಎಂದು ಎಸ್ ಸೇರಿಸುವುದೂ ದಡ್ಡತನದಿಂದಲ್ಲ. ಒಂದರಲ್ಲಿ ಕನ್ನಡದ ರೂಢಿ ನಡೆಯುತ್ತಿದೆ, ಇನ್ನೊಂದರಲ್ಲಿ ಮೇಷ್ಟ್ರು ಕಲಿಸಿದ ಬಹುವಚನದ ಸೂತ್ರ ಅತಿ ನಿಷ್ಠೆಯಿಂದ ನಡೆಯುತ್ತಿದೆ.

‘ವರ್ಕ್ಸ್’ ವಿಷಯದಲ್ಲಿ ಒಂದು ದಿನ ದೊಡ್ಡ ತಕರಾರೇ ಆಯಿತು. ರಜಾ ಅರ್ಜಿಯಲ್ಲಿ ಹುಡುಗನೊಬ್ಬ ‘ಐ ಹ್ಯಾವ್ ಟೂ ವರ್ಕ್ಸ್ ಅಟ್ ಹೋಮ್’ ಎಂದು ಬರೆದಿದ್ದ. ಮೇಷ್ಟ್ರು ಕೆಂಪು ಶಾಯಿಯಲ್ಲಿ ಎಸ್ ಹೊಡೆದರು. ಅವನು ಬಿಡಲಿಲ್ಲ. “ಬಸ್‌ಸ್ಟ್ಯಾಂಡ್ ಹತ್ರ ಪಿಡಬ್ಲ್ಯುಡಿ ಬೋರ್ಡ್ ನೋಡಿ ಸಾ. ಪಬ್ಲಿಕ್ ವರ್ಕ್ಸ್ ಅಂತ ಸರ್ಕಾರದೋರೇ ಬರೆದವ್ರೆ.” ಬೋರ್ಡ್ ಸರಿ, ಹುಡುಗನ ವಾಕ್ಯ ತಪ್ಪು, ಯಾಕೆಂದು ಬಿಡಿಸಿ ಹೇಳಲು ಆವತ್ತಿನ ಪೀರಿಯಡ್ ಪೂರ್ತಿ ಹಿಡಿಯಿತು. ರಸ್ತೆ, ಸೇತುವೆ, ಕಟ್ಟಡ ಎಂಬ ಅರ್ಥದಲ್ಲಿ ವರ್ಕ್ಸ್ ಬರುತ್ತದೆ, ಕಾರ್ಖಾನೆ ಎಂಬ ಅರ್ಥದಲ್ಲಿ ಬರುತ್ತದೆ, ಕವಿಯ ಕೃತಿಗಳು ಎಂಬ ಅರ್ಥದಲ್ಲಿ ಬರುತ್ತದೆ; ಮನೆಗೆಲಸಕ್ಕೆ ಬರುವುದಿಲ್ಲ. ಬ್ಯಾಂಕು ಕಳಿಸುವ ಕ್ರೆಡಿಟ್ ಅಡ್ವೈಸ್ ಕತೆಯೂ ಇದೇ. ಕಾಗದವಾದರೆ ಒಂದು, ಎರಡು ಎಂದು ಎಣಿಸಬಹುದು. ಅಜ್ಜಿಯ ಬುದ್ಧಿವಾದವಾದರೆ ಎಷ್ಟಿದ್ದರೂ ಅಡ್ವೈಸ್.

ಆಮೇಲಿನ ವರ್ಷಗಳಲ್ಲಿ ಮೇಷ್ಟ್ರು ಈ ಜಗಳವನ್ನೇ ಪಾಠ ಮಾಡಿಕೊಂಡರು. ಸಂತೆಯ ದಿನ ಪೇಟೆಗೆ ಹೋಗುವ ಮಕ್ಕಳು ಅಂಗಡಿಗಳ ಹೆಸರು ಬರೆದುಕೊಂಡು ಬರಬೇಕು. ಬರುತ್ತಿದ್ದ ಪಟ್ಟಿ ಇಂದಿಗೂ ಕರ್ನಾಟಕದ ಯಾವ ಪೇಟೆ ಬೀದಿಯಲ್ಲಾದರೂ ಸಿಗುವಂಥದ್ದು: ಫರ್ನಿಚರ್ಸ್, ಹಾರ್ಡ್‌ವೇರ್ಸ್, ಫುಟ್‌ವೇರ್ಸ್, ಸ್ಟೇಷನರೀಸ್, ಮೆಡಿಕಲ್ಸ್, ಎಲೆಕ್ಟ್ರಿಕಲ್ಸ್. ನಿಘಂಟು ತೆಗೆದು ಒಂದೊಂದನ್ನೂ ಹುಡುಕುವುದು, ‘ಯು’ ಎಂದಿದ್ದರೆ ಎಸ್ ಕಿತ್ತು ಹಾಕುವುದು. ಹುಡುಗರಿಗೆ ಪರೀಕ್ಷಕರಾಗಿ ಇಡೀ ಊರಿಗೆ ಮಾರ್ಕ್ಸ್ ಕಳೆಯುವ ಖುಷಿ. ಆದರೆ ಅಂಗಡಿಯವರನ್ನು ಗೇಲಿ ಮಾಡಲು ಮೇಷ್ಟ್ರು ಬಿಡುತ್ತಿರಲಿಲ್ಲ. ‘ಫರ್ನಿಚರ್ಸ್’ ಎಂಬುದು ಈಗ ಕನ್ನಡದ ಬೋರ್ಡಿನ ಭಾಷೆ. ಕೊಳ್ಳುವವರಿಗೂ ಮಾರುವವರಿಗೂ ಅರ್ಥವಾಗುತ್ತದೆ. ಎಸ್ಸೆಸ್ಸೆಲ್ಸಿ ಪೇಪರಿನಲ್ಲಿ ಬರೆದರೆ ಮಾತ್ರ ಅಂಕ ಹೋಗುತ್ತದೆ ಎನ್ನುತ್ತಿದ್ದರು.

ಇಂಗ್ಲಿಷರ ಈ ಹಂಚಿಕೆಯಲ್ಲಿ ತರ್ಕ ಹುಡುಕಲು ಹೊರಟವರಿಗೆ ಸಿಗುವುದು ಆಯಾಸವೇ. ಗೋಧಿ ‘ವೀಟ್’, ಎಣಿಸುವಂತಿಲ್ಲ. ಹೆಚ್ಚುಕಡಿಮೆ ಅಷ್ಟೇ ಗಾತ್ರದ ಇನ್ನೊಂದು ಧಾನ್ಯ ‘ಓಟ್ಸ್’, ಬಹುವಚನ. ‘ಷೂಸ್’ ಎಣಿಸಬಹುದು, ಅವೇ ಷೂಗಳನ್ನು ‘ಫುಟ್‌ವೇರ್’ ಎಂದರೆ ಎಣಿಸುವಂತಿಲ್ಲ. ಅಮೆರಿಕದ ತತ್ತ್ವಜ್ಞ ಡಬ್ಲ್ಯು.ವಿ. ಕ್ವೈನ್ 1960ರ ತಮ್ಮ ಪುಸ್ತಕದಲ್ಲಿ ಇದೇ ಉದಾಹರಣೆ ಎತ್ತಿಕೊಂಡು, ವ್ಯತ್ಯಾಸ ಇರುವುದು ಪದದಲ್ಲಿ, ವಸ್ತುವಿನಲ್ಲಿ ಅಲ್ಲ ಎಂದು ತೋರಿಸಿದರು. ಪಕ್ಕದ ಫ್ರೆಂಚಿನಲ್ಲಿ ಮಾಹಿತಿಯನ್ನೂ ಬುದ್ಧಿವಾದವನ್ನೂ ಪೀಠೋಪಕರಣವನ್ನೂ ಸಲೀಸಾಗಿ ಎಣಿಸುತ್ತಾರೆ. ಹಳೆಯ ಇಂಗ್ಲಿಷ್ ಬರಹಗಳಲ್ಲೂ ‘ಇನ್ಫರ್ಮೇಷನ್ಸ್’ ಕಾಣಸಿಗುತ್ತದೆ. ಬಟಾಣಿಗೆ ಹಿಂದೆ ‘ಪೀಸ್’ ಎಂದು ರಾಶಿವಾಚಕ ಪದವಿತ್ತು. ಕೊನೆಯ ಸದ್ದನ್ನು ಜನ ಬಹುವಚನದ ಎಸ್ ಎಂದುಕೊಂಡು ಅದನ್ನು ಕಳೆದು ‘ಪೀ’ ಎಂಬ ಒಂದು ಕಾಳನ್ನು ಹುಟ್ಟಿಸಿದರು. ತಪ್ಪೆಂದುಕೊಂಡದ್ದೇ ಈಗ ನಿಯಮ.

ಹುಟ್ಟು ಇಂಗ್ಲಿಷರೂ ಇಲ್ಲಿ ಎಡವುತ್ತಾರೆ ಎಂಬುದಕ್ಕೆ ಮೇಷ್ಟ್ರು ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡ ಸುದ್ದಿಯೊಂದಿದೆ. ಎಣಿಸುವುದಕ್ಕೆ ‘ಫ್ಯೂಅರ್’, ಎಣಿಸದ್ದಕ್ಕೆ ‘ಲೆಸ್’ ಎಂಬ ಕಟ್ಟಳೆಯ ಬೇರು ರಾಬರ್ಟ್ ಬೇಕರ್ ಎಂಬಾತ 1770ರಲ್ಲಿ ತನಗೆ ಹಾಗೆ ಚೆನ್ನೆನಿಸುತ್ತದೆಂದು ಬರೆದ ಮಾತಿನಲ್ಲಿದೆ. ಕಟ್ಟಳೆಯ ಪ್ರಕಾರ ಬ್ರಿಟನ್ನಿನ ಟೆಸ್ಕೊ ಅಂಗಡಿಗಳ ‘ಟೆನ್ ಐಟಮ್ಸ್ ಆರ್ ಲೆಸ್’ ಫಲಕ ತಪ್ಪು. ವರ್ಷಗಟ್ಟಲೆ ಆಕ್ಷೇಪ ಕೇಳಿದ ಕಂಪನಿ 2008ರಲ್ಲಿ ಲೆಸ್ ಬೇಡ, ಫ್ಯೂಅರ್ ಬೇಡ ಎಂದು ‘ಅಪ್ ಟು ಟೆನ್ ಐಟಮ್ಸ್’ ಎಂದು ಬರೆಸಿ ಪಾರಾಯಿತು.

ಹಾಗಾದರೆ ಕಲಿಸುವುದು ಹೇಗೆ? ಉತ್ತರ ಸಿಕ್ಕಿದ್ದು ಅಡುಗೆಮನೆ ಮತ್ತು ಕಣದಲ್ಲಿ. ಮೆಟ್ರಿಕ್ ತೂಕ ಬಂದು ದಶಕಗಳಾಗಿದ್ದರೂ ಆ ಊರಿನ ಮನೆಗಳಲ್ಲಿ ಪಾವು, ಅಚ್ಚೇರು, ಸೇರು ಕೆಲಸ ಬಿಟ್ಟಿರಲಿಲ್ಲ. ಮೇಷ್ಟ್ರು ಒಂದು ದಿನ ಮನೆಯಿಂದ ಹಿತ್ತಾಳೆ ಪಾವನ್ನೂ ಒಂದು ಚೀಲ ರಾಗಿಯನ್ನೂ ತರಗತಿಗೆ ತಂದರು. ನೆಲದ ಮೇಲೆ ವೃತ್ತಪತ್ರಿಕೆ ಹಾಸಿ ರಾಗಿ ಸುರಿದು, “ಎಣಿಸ್ರಿ” ಎಂದರು. ಮಕ್ಕಳು ನಕ್ಕರು. ರೈತರ ಮನೆಯ ಹುಡುಗಿಯೊಬ್ಬಳು ಮುಂದೆ ಬಂದು ಪಾವು ತೆಗೆದುಕೊಂಡು, ತುಂಬಿ, ಅಂಗೈಯಿಂದ ಮೇಲೆ ಸವರಿ, ಪಕ್ಕಕ್ಕೆ ಸುರಿಯುತ್ತ ಎಣಿಸಿದಳು: “ಲಾಭ, ಎರಡು, ಮೂರು, ನಾಕು…” ಧಾನ್ಯ ಅಳೆಯುವಾಗ ‘ಒಂದು’ ಎನ್ನದೆ ‘ಲಾಭ’ ಎನ್ನುವುದು ಕಣದ ಪದ್ಧತಿ. ಮೇಷ್ಟ್ರು ಬೋರ್ಡಿನತ್ತ ತಿರುಗಿ ಕೇಳಿದರು: “ಈಗ ಎಣಿಸಿದ್ದು ರಾಗಿನೋ, ಪಾವೋ?” “ಪಾವು ಸಾ” ಎಂದು ಇಡೀ ತರಗತಿ ಕೂಗಿತು. ಪಾಠ ಅಲ್ಲಿಗೆ ಮುಗಿಯಿತು. ನಕ್ಷತ್ರದ ಹುಡುಗಿಗೆ ಹೇಳಲಾಗದೆ ಉಳಿದದ್ದನ್ನು ಆ ಪಾವು ಹೇಳಿತು.

ಮುಂದಿನ ಕೆಲಸ ಪಟ್ಟಿ ಬೆಳೆಸುವುದು. ಮಕ್ಕಳು ಕನ್ನಡದಲ್ಲಿ ಹೇಳುತ್ತ ಹೋದರು: ಒಂದು ಮೊಳ ಹೂವು, ಒಂದು ಚಿಪ್ಪು ಬಾಳೆಹಣ್ಣು, ಒಂದು ಕಟ್ಟು ಸೊಪ್ಪು, ಒಂದು ಅಚ್ಚು ಬೆಲ್ಲ, ಒಂದು ಎಸಳು ಬೆಳ್ಳುಳ್ಳಿ, ಒಂದು ಚಿಟಿಕೆ ಉಪ್ಪು, ಒಂದು ಅಗುಳು ಅನ್ನ. ಎದುರಿಗೆ ಇಂಗ್ಲಿಷಿನದು: ಎ ಗ್ರೇನ್ ಆಫ್ ರೈಸ್, ಎ ಪಿಂಚ್ ಆಫ್ ಸಾಲ್ಟ್, ಎ ಲೋಫ್ ಆಫ್ ಬ್ರೆಡ್, ಎ ಪೀಸ್ ಆಫ್ ಫರ್ನಿಚರ್, ಎ ಪೀಸ್ ಆಫ್ ಅಡ್ವೈಸ್. ಇಂಗ್ಲಿಷಿನ ಈ ಪದಗಳಿಗೂ ನಮ್ಮ ಮೊಳ, ಚಿಪ್ಪು, ಅಗುಳಿಗೂ ಕೆಲಸ ಒಂದೇ ಎಂದು ಕಂಡ ಮೇಲೆ ಮಕ್ಕಳ ಹೆದರಿಕೆ ಅರ್ಧ ಇಳಿಯಿತು. ಪೀಸ್ ಎಂಬ ಒಂದು ಮಾತು ಫರ್ನಿಚರ್, ಅಡ್ವೈಸ್, ಇನ್ಫರ್ಮೇಷನ್, ಲಗೇಜ್, ನ್ಯೂಸ್ ಎಲ್ಲದಕ್ಕೂ ನಡೆಯುತ್ತದೆ ಎಂದು ತಿಳಿದಾಗ ಉಳಿದರ್ಧವೂ ಹೋಯಿತು.

ಆ ಹೊತ್ತಿಗೆ ಬೆಂಗಳೂರಿನಲ್ಲಿ ಇನ್ನೊಂದು ಪ್ರಯೋಗ ಮುಗಿಯುತ್ತ ಬಂದಿತ್ತು. ಬ್ರಿಟಿಷ್ ಕೌನ್ಸಿಲ್‌ನ ಎನ್.ಎಸ್. ಪ್ರಭು 1979ರಲ್ಲಿ ಆರಂಭಿಸಿ ಐದು ವರ್ಷ ನಡೆಸಿದ ಈ ಯೋಜನೆಗೆ ಇಂಗ್ಲಿಷ್ ಬೋಧನೆಯ ಲೋಕದಲ್ಲಿ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಹೆಸರು. ವ್ಯಾಕರಣವನ್ನು ಪಾಠವಾಗಿ ಹೇಳಿಕೊಡುವುದಿಲ್ಲ. ರೈಲ್ವೆ ಟೈಮ್‌ಟೇಬಲ್ ಓದು, ನಕ್ಷೆ ನೋಡಿ ದಾರಿ ಹೇಳು ಎಂದು ಕೆಲಸ ಕೊಡುತ್ತಾರೆ. ಅರ್ಥದ ಹಿಂದೆ ಬಿದ್ದ ಮಗುವಿಗೆ ವ್ಯಾಕರಣ ತಾನಾಗಿ ಒದಗುತ್ತದೆ ಎಂಬುದು ಪ್ರಭು ಅವರ ನಂಬಿಕೆ. 1985ರಲ್ಲಿ ಪ್ರಕಟವಾದ ಮೌಲ್ಯಮಾಪನದಲ್ಲಿ, ಬಿಡಿ ವ್ಯಾಕರಣದ ಪರೀಕ್ಷೆಯಲ್ಲಿ ಹಳೆಯ ಪದ್ಧತಿಯ ಮಕ್ಕಳು ಮೇಲಾಗಿದ್ದರು. ಸಂದರ್ಭದಲ್ಲಿಟ್ಟು ಕೇಳಿದ ವ್ಯಾಕರಣದಲ್ಲಿ ಪ್ರಯೋಗದ ಮಕ್ಕಳು ಮುಂದಿದ್ದರು. ಮೇಷ್ಟ್ರಿಗೆ ಇದರ ಬಗ್ಗೆ ಪೂರ್ತಿ ಒಪ್ಪಿಗೆಯಿರಲಿಲ್ಲ. ವಾರಕ್ಕೆ ಕೆಲವೇ ಪೀರಿಯಡ್ ಇಂಗ್ಲಿಷ್ ಕೇಳುವ, ಶಾಲೆಯ ಹೊರಗೆ ಒಂದು ಮಾತೂ ಕೇಳದ ಹಳ್ಳಿಯ ಮಗುವಿಗೆ ಎಲ್ಲವೂ ತಾನಾಗಿ ಒದಗುತ್ತದೆಂದು ಕಾದು ಕೂರುವುದು ಹೇಗೆ ಎಂಬುದು ಅವರ ತಕರಾರು. ಆದರೆ ಕೆಲಸ ಕೊಟ್ಟು ಕಲಿಸಬೇಕೆಂಬ ಭಾಗವನ್ನು ಎತ್ತಿಕೊಂಡರು. ಅವರ ತರಗತಿಯಲ್ಲಿ ಮದುವೆ ಮನೆಯ ಸಾಮಾನು ಪಟ್ಟಿ ಇಂಗ್ಲಿಷಿನಲ್ಲಿ ತಯಾರಾಗುತ್ತಿತ್ತು. ಎಷ್ಟು ಅಕ್ಕಿ, ಎಷ್ಟು ಕಾಯಿ, ಎಷ್ಟು ಎಲೆ ಎಂದು ಕೇಳುತ್ತ ಹೋದರೆ ‘ಹೌ ಮಚ್’, ‘ಹೌ ಮೆನಿ’ ತಂತಮ್ಮ ಜಾಗದಲ್ಲಿ ಬಂದು ಕೂರುತ್ತಿದ್ದವು.

ಹೋಟೆಲಿನ ಪಾಠ ಇನ್ನೂ ರುಚಿಯಾದದ್ದು. ‘ಕಾಫಿ’ ಎಣಿಸದ ಪದ ಎಂದು ಪುಸ್ತಕ ಹೇಳುತ್ತದೆ. ಸಪ್ಲೈಯರ್ ಮಾತ್ರ ಒಳಗೆ ನೋಡಿ “ಎರಡು ಕಾಫಿ, ಒಂದು ಬೈಟು” ಎಂದು ಕೂಗುತ್ತಾನೆ. ಲಂಡನ್ನಿನ ಹೋಟೆಲಿನಲ್ಲೂ ‘ಟೂ ಕಾಫೀಸ್, ಪ್ಲೀಸ್’ ಎನ್ನುತ್ತಾರೆ, ಯಾರೂ ತಿದ್ದುವುದಿಲ್ಲ. ಲೋಟಕ್ಕೆ ಬಿದ್ದ ಕೂಡಲೇ ಎಣಿಸದ್ದು ಎಣಿಸುವಂತಾಗುತ್ತದೆ. ಇದರ ಉಲ್ಟಾ ಕೂಡ ಉಂಟು. ಬುಟ್ಟಿಯಲ್ಲಿರುವ ಮೊಟ್ಟೆ ‘ಆ್ಯನ್ ಎಗ್’. ಅಂಗಿಗೆ ಮೆತ್ತಿಕೊಂಡರೆ ಬರೀ ‘ಎಗ್’. ಅಂಗಳದಲ್ಲಿ ಓಡಾಡುವ ಕೋಳಿ ‘ಎ ಚಿಕನ್’. ತಟ್ಟೆಗೆ ಬಂದರೆ ‘ಚಿಕನ್’. ಜೆಫ್ರಿ ಪೆಲ್ಲೆಟಿಯೆ ಎಂಬ ತತ್ತ್ವಜ್ಞರು 1975ರ ಲೇಖನವೊಂದರಲ್ಲಿ, ಯಾವ ವಸ್ತುವನ್ನು ಹಾಕಿದರೂ ಅರೆದು ಮುದ್ದೆ ಮಾಡಿ ಕೊಡುವ ಕಲ್ಪನೆಯ ಗ್ರೈಂಡರ್ ಒಂದನ್ನು ಮುಂದಿಟ್ಟು ಇದನ್ನು ವಿವರಿಸಿದ್ದಾರೆ. ಅದಕ್ಕೆ ಹಾಕಿದ ಎಣಿಸುವ ಪದ ಹೊರಗೆ ಬರುವಾಗ ಎಣಿಸದ ಪದ.

ಮೇಷ್ಟ್ರ ಶಿಷ್ಯರಲ್ಲಿ ಹಲವರು ಈಗ ಬೆಂಗಳೂರಿನ ಕಂಪನಿಗಳಲ್ಲಿದ್ದಾರೆ. ಆಗಾಗ ಫೋನ್ ಬರುತ್ತದೆ: “ಸರ್, ಸಾಫ್ಟ್‌ವೇರ್ಸ್ ಅಂತ ಬರೀಬಹುದಾ? ಫೀಡ್‌ಬ್ಯಾಕ್ಸ್ ಸರೀನಾ?” ಹಳ್ಳಿಯ ‘ಸಾ’ ಈಗ ‘ಸರ್’ ಆಗಿದೆ, ಸಂಶಯ ಹಾಗೇ ಇದೆ. ಎರಡಕ್ಕೂ ಸದ್ಯ ನಿಘಂಟಿನ ಉತ್ತರ ‘ಯು’, ಎಸ್ ಬೇಡ. ಆದರೆ ‘ಮೇಲ್’ ಎಣಿಸದ ಪದವಾಗಿದ್ದರೂ ‘ಇಮೇಲ್ಸ್’ ಎಂದು ಎಲ್ಲರೂ ಎಣಿಸುತ್ತಿದ್ದಾರೆ, ನಿಘಂಟೂ ಒಪ್ಪಿಕೊಂಡಿದೆ. ಬಹುವಚನವಾಗಿದ್ದ ‘ಡೇಟಾ’ ಎಷ್ಟೋ ಕಡೆ ರಾಶಿವಾಚಕವಾಗಿ ಕೂತಿದೆ. ಆಫೀಸಿನ ಮೀಟಿಂಗುಗಳಲ್ಲಿ ‘ಲರ್ನಿಂಗ್ಸ್’ ಎಂಬ ಹೊಸ ಬಹುವಚನ ಓಡಾಡುತ್ತಿದೆ. ಮೇಷ್ಟ್ರಿಗೆ ಅದನ್ನು ಕೇಳಿದರೆ ಈಗಲೂ ಕಿವಿ ಚುರ್ರೆನ್ನುತ್ತದೆ.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದೀಚೆಗೆ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಎಬಿಸಿಡಿ ನಾಲ್ಕು ವರ್ಷ ಮುಂಚೆ ಬಂತು. ‘ಎಣಿಸಲು ಬರುವಂಥದ್ದು, ಬಾರದ್ದು’ ಎಂಬ ಹಳೆಯ ವಾಕ್ಯ ಇನ್ನೂ ಎಷ್ಟೋ ಗೈಡುಗಳಲ್ಲಿ ಉಳಿದಿದೆ. ಅದನ್ನು ಬಿಟ್ಟುಬಿಡುವುದು ಒಳ್ಳೆಯದು. ‘ಇನ್ಫರ್ಮೇಷನ್’ ಕಲಿಸುವ ದಿನವೇ ‘ಎ ಪೀಸ್ ಆಫ್’ ಜತೆಗೇ ಕಲಿಸಿ, ‘ಮನಿ’ ಜತೆಗೆ ‘ಮಚ್’ ಕಲಿಸಿ, ಅನುಮಾನ ಬಂದರೆ ನಿಘಂಟು ತೆಗೆಸಿ. ಬೀರುವಿನ ಬೀಗ ಈಗ ಅಡ್ಡಿಯಲ್ಲ. ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್ ನಿಘಂಟುಗಳು ಫೋನಿನಲ್ಲೇ ಪುಕ್ಕಟೆ ಸಿಗುತ್ತವೆ, ಹಾರ್ನ್‌ಬಿ ಹಾಕಿದ ‘ಸಿ’, ‘ಯು’ ಗುರುತು ಅವುಗಳಲ್ಲೂ ಇದೆ. ಅದನ್ನು ನೋಡುವ ಅಭ್ಯಾಸವನ್ನು ಮಕ್ಕಳಿಗೆ ಐದನೇ ತರಗತಿಯೊಳಗೇ ಮಾಡಿಸಬೇಕು.